ಕುಜ ಅಂದರೆ ಏನು?



ಮಳಗಿಯಲ್ಲಿ ರಾತ್ರಿ ಅಂಗಳಕ್ಕೆ ಬಂದು ತಲೆ ಎತ್ತಿ ನೋಡಿ. ಧರ್ಮಾ ಜಲಾಶಯದ ಕಡೆ ಕತ್ತಲೆ ಇನ್ನೂ ದಟ್ಟ. ಅಲ್ಲಿ ಆಕಾಶದ ತುಂಬ ಚುಕ್ಕಿಗಳು. ಹೆಚ್ಚಿನವು ಮಿಣಮಿಣ ಮಿನುಗುತ್ತವೆ. ಕೆಲವು ಮಾತ್ರ ಮಿನುಗದೆ ಒಂದೇ ಸಮ ಬೆಳಗುತ್ತವೆ. ಅವೇ ಗ್ರಹಗಳು. ನಾವು ಬೆಳ್ಳಿಚುಕ್ಕಿ ಅಂತೀವಲ್ಲ, ಅದು ಚುಕ್ಕಿ ಅಲ್ಲ. ಶುಕ್ರ ಗ್ರಹ.

ಗ್ರಹ ಅಂದರೆ ಏನು? ಸೂರ್ಯನ ಸುತ್ತ ತಿರುಗುವ ದೊಡ್ಡ ಗೋಳ. ಕಣದಲ್ಲಿ ಎತ್ತುಗಳು ಮೇಟಿಯ ಸುತ್ತ ತಿರುಗುವುದಿಲ್ಲವೇ? ಹಾಗೆ. ಗ್ರಹಕ್ಕೆ ಸ್ವಂತ ಬೆಳಕಿಲ್ಲ. ಸೂರ್ಯನ ಬೆಳಕು ಬಿದ್ದು ಹೊಳೆಯುತ್ತದೆ.

ಗ್ರಹಗಳು ಒಟ್ಟು 8. ಬುಧ, ಶುಕ್ರ, ಭೂಮಿ, ಮಂಗಳ, ಗುರು, ಶನಿ, ಯುರೇನಸ್, ನೆಪ್ಚೂನ್. ಹೌದು, ನಾವು ನಿಂತ ಭೂಮಿಯೂ ಒಂದು ಗ್ರಹವೇ! ಭೂಮಿ ಕಡಲೆಕಾಳಿನಷ್ಟು ಇದ್ದರೆ, ಗುರು ಸುಲಿದ ಸಣ್ಣ ತೆಂಗಿನಕಾಯಿಯಷ್ಟು. ಮಂಗಳ ಮತ್ತು ಗುರುವಿನ ನಡುವೆ ಲಕ್ಷಗಟ್ಟಲೆ ಕಲ್ಲುಬಂಡೆಗಳೂ ಸೂರ್ಯನನ್ನು ಸುತ್ತುತ್ತವೆ. ಅವು ಕ್ಷುದ್ರಗ್ರಹಗಳು. 'ಚುಕ್ಕಿ ಬಿತ್ತು' ಅಂತೀವಲ್ಲ, ಅದೂ ಚುಕ್ಕಿ ಅಲ್ಲ. ಆಕಾಶದ ಸಣ್ಣ ಕಲ್ಲುಚೂರು ಗಾಳಿಗೆ ನುಗ್ಗಿ, ಕಾದು, ಉರಿದುಹೋಗುವುದು.

ಮಂಗಳನಿಗೇ ಕುಜ ಎಂದೂ ಹೆಸರು. 'ಹುಡುಗಿಗೆ ಕುಜದೋಷ ಇದೆ.' ಈ ಒಂದು ಮಾತಿಗೆ ಎಷ್ಟು ಸಂಬಂಧ ಮುರಿದಿವೆ! ಶಾಂತಿ ಮಾಡಿಸಲು ಎಷ್ಟು ಮನೆಗಳು ಸಾಲ ಮಾಡಿವೆ!

ಆ ಕುಜ ಹೇಗಿದೆ? 2013ರ ನವೆಂಬರ್ 5ರಂದು ನಮ್ಮ ಇಸ್ರೋ ಸಂಸ್ಥೆ ಮಂಗಳಯಾನ ನೌಕೆಯನ್ನು ಹಾರಿಸಿತು. 2014ರ ಸೆಪ್ಟೆಂಬರ್ 24ರಂದು ಅದು ಮಂಗಳನನ್ನು ಸುತ್ತತೊಡಗಿತು. ಬೆಂಗಳೂರಿನ ಹತ್ತಿರ ಬ್ಯಾಲಾಳು ಎಂಬ ಊರಿದೆ. ನೌಕೆ ಕಳಿಸಿದ ಸುದ್ದಿಯನ್ನು ಅಲ್ಲಿಯ ದೊಡ್ಡ ಆಂಟೆನಾ ಹಿಡಿಯಿತು. ಈ ಕೆಲಸದಲ್ಲಿ ಅನೇಕ ಹೆಣ್ಣುಮಕ್ಕಳೂ ದುಡಿದರು. 2022ರಲ್ಲಿ ಸಂಪರ್ಕ ಕಡಿಯುವವರೆಗೂ ನೌಕೆ ಅಲ್ಲಿ ಸುತ್ತಿತು. ಚಿತ್ರಗಳಲ್ಲಿ ಕಂಡದ್ದೇನು? ಗುಡ್ಡ, ಕಣಿವೆ, ಕೆಂಪು ಧೂಳು. ಹಳೆಯ ಕುಡುಗೋಲಿಗೆ ತುಕ್ಕು ಹಿಡಿದರೆ ಕೆಂಪಾಗುತ್ತದಲ್ಲ? ಅಲ್ಲಿಯ ಮಣ್ಣಿನ ಬಣ್ಣವೂ ಕಬ್ಬಿಣದ ತುಕ್ಕಿನದೇ. ಎಷ್ಟೇ ಹತ್ತಿರ ಬಂದರೂ ಅದು ನಮ್ಮಿಂದ 5 ಕೋಟಿ ಕಿಲೋಮೀಟರಿಗಿಂತ ದೂರ. ಅಲ್ಲಿಂದ ನಮ್ಮ ಮಗಳ ಬಾಳು ಕೆಡಿಸಲು ಆದೀತೇ?

ಈಗ ಒಂದು ಲೆಕ್ಕ ಮಾಡೋಣ. ಜಾತಕದಲ್ಲಿ 12 ಮನೆ. ಅವುಗಳಲ್ಲಿ 5 ಅಥವಾ 6 ಮನೆಗಳ ಪೈಕಿ ಯಾವುದರಲ್ಲಿ ಕುಜ ಇದ್ದರೂ ದೋಷ ಅಂತಾರೆ. ಹಾಗಾದರೆ ಹೆಚ್ಚುಕಡಿಮೆ ಅರ್ಧ ಊರಿಗೇ ದೋಷ! ಗಂಡಸರಿಗೂ ಅಷ್ಟೇ. ಆದರೆ ಮನೆಯಲ್ಲಿ ಕೂತು ಕಣ್ಣೀರು ಹಾಕುವವಳು ಹುಡುಗಿ ಒಬ್ಬಳೇ.

ಮದುವೆಗೆ ಮುಂಚೆ ಕೇಳಬೇಕಾದ ಮಾತುಗಳು ಬೇರೆ ಇವೆ. ಹುಡುಗಿಗೆ 18 ತುಂಬಿದೆಯೇ? ಅವಳಿಗೆ ಒಪ್ಪಿಗೆ ಇದೆಯೇ? ಹುಡುಗನಿಗೆ 21 ಆಗಿದೆಯೇ? ದುಡಿಯುತ್ತಾನೆಯೇ? ಕುಡಿಯುತ್ತಾನೆಯೇ? ಇವುಗಳ ಉತ್ತರ ಆಕಾಶದಲ್ಲಿಲ್ಲ. ನಾವೇ ಕೇಳಿ ತಿಳಿಯಬೇಕು.