ಸ್ಟೇಡಿಯಂ ಬೇಡ ಅಂದ್ರು ಊರಿನವರು, ಅಭಿಮಾನಿಗಳು ಏನ್ ಮಾಡಿದ್ರು?

ಪ್ರೀಮಿಯರ್ ಲೀಗ್ ನೋಡುವವರಾದರೆ ಬ್ರೈಟನ್ ತಂಡ ನಿಮಗೆ ಗೊತ್ತಿರುತ್ತೆ. ನೀಲಿ-ಬಿಳಿ ಪಟ್ಟೆಯ ಜೆರ್ಸಿ, ಎಡಗಡೆಯಿಂದ ಚೆಂಡು ತಗೊಂಡು ನುಗ್ಗುವ ಜಪಾನಿನ ಮಿತೊಮಾ. ಅವರ ಹೋಮ್ ಗ್ರೌಂಡ್‌ನ ಡ್ರೋನ್ ದೃಶ್ಯ ಯಾವಾಗಲಾದರೂ ಕಂಡರೆ ಸ್ವಲ್ಪ ನಿಲ್ಲಿಸಿ ನೋಡಿ. ಪಕ್ಕದಲ್ಲೇ ಹಸಿರು ಗುಡ್ಡ, ಹೊಲ, ಒಂದು ಹೈವೇ. ಆ ಸ್ಟೇಡಿಯಂ ಕಟ್ಟುವ ಮಾತು ಶುರುವಾಗಿದ್ದು 1990ರ ದಶಕದ ಕೊನೆಯಲ್ಲಿ, ಮೊದಲ ಮ್ಯಾಚ್ ಆಡಿದ್ದು 2011ರಲ್ಲಿ. ನಡುವಿನ ಹತ್ತು-ಹನ್ನೆರಡು ವರ್ಷ ಏನಾಯ್ತು ಅನ್ನೋದೇ ಇವತ್ತಿನ ವಿಷಯ.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ಬ್ರೈಟನ್ ತಂಡಕ್ಕೆ ಗೋಲ್ಡ್‌ಸ್ಟೋನ್ ಅಂತ ಹಳೇ ಮೈದಾನ ಇತ್ತು. 1990ರ ದಶಕದಲ್ಲಿ ಕ್ಲಬ್ ಸಾಲದಲ್ಲಿ ಮುಳುಗಿತ್ತು. ಆಗಿನ ಮಾಲೀಕರು ಮೈದಾನವನ್ನೇ ಮಾರಿಬಿಟ್ರು, ಬದಲಿಗೆ ಎಲ್ಲಿ ಆಡೋದು ಅನ್ನೋದನ್ನ ಗೊತ್ತು ಮಾಡದೇ! 1997ರ ಏಪ್ರಿಲ್‌ನಲ್ಲಿ ಅಲ್ಲಿ ಕೊನೆಯ ಮ್ಯಾಚ್, ಎದುರಾಳಿ ಡಾಂಕಾಸ್ಟರ್. ಈ ಹೆಸರು ನೆನಪಿಟ್ಕೊಳ್ಳಿ. ಆಟ ಮುಗಿದ ಮೇಲೆ ಜನ ಹುಲ್ಲಿನ ಹೆಂಟೆ, ಕುರ್ಚಿ ಕಿತ್ಕೊಂಡು ಮನೆಗೆ ಹೋದ್ರು. ಈಗ ಆ ಜಾಗದಲ್ಲಿ ದೊಡ್ಡ ಅಂಗಡಿಗಳಿವೆ.

ಆಮೇಲೆ ಎರಡು ಸೀಸನ್ ಅವರ 'ಹೋಮ್' ಮ್ಯಾಚ್ ನಡೆದಿದ್ದು ಜಿಲ್ಲಿಂಗ್‌ಹ್ಯಾಮ್ ಅನ್ನೋ ಊರಲ್ಲಿ, ಸುಮಾರು 70 ಮೈಲಿ ದೂರ. ಅಂದ್ರೆ ಬೆಂಗಳೂರಿನ ತಂಡ ಹೋಮ್ ಮ್ಯಾಚ್ ಆಡೋಕೆ ಮಂಡ್ಯ ದಾಟಿ ಹೋದ ಹಾಗೆ. 1999ರಲ್ಲಿ ಊರಿಗೆ ವಾಪಸ್ ಬಂದರು, ಆದರೆ ಬಂದಿದ್ದು ವಿದ್‌ಡೀನ್ ಅನ್ನೋ ಅಥ್ಲೆಟಿಕ್ಸ್ ಸ್ಟೇಡಿಯಂಗೆ. ಕಂಠೀರವದಲ್ಲಿ ಮ್ಯಾಚ್ ನೋಡಿದವರಿಗೆ ಇದು ತಕ್ಷಣ ಅರ್ಥವಾಗುತ್ತೆ. ನಿಮಗೂ ಗೋಲ್‌ಪೋಸ್ಟ್‌ಗೂ ಮಧ್ಯೆ ಓಟದ ಟ್ರ್ಯಾಕ್ ಬಂದು ಕೂತಿರುತ್ತೆ. ಗೋಲ್ ಆಯ್ತಾ ಇಲ್ವಾ ಅಂತ ಪಕ್ಕದವರ ಮುಖ ನೋಡಿ ತಿಳ್ಕೋಬೇಕು, ನನಗಂತೂ ಹಾಗಾಗಿದೆ. ವಿದ್‌ಡೀನ್‌ನಲ್ಲಿ ಇನ್ನೂ ಕಷ್ಟ: ತಾತ್ಕಾಲಿಕ ಗ್ಯಾಲರಿ, ಬಹುಪಾಲು ಸೀಟುಗಳ ಮೇಲೆ ಸೂರಿಲ್ಲ, ಇಂಗ್ಲೆಂಡಿನ ಮಳೆ. ಅಲ್ಲಿ ಕಳೆದಿದ್ದು 12 ವರ್ಷ.

ಹಾಗಾಗಿ ಹೊಸ ಜಾಗ ಬೇಕೇ ಬೇಕಿತ್ತು. ಊರ ಅಂಚಿನ ಫಾಲ್ಮರ್ ಅನ್ನೋ ಹಳ್ಳಿಯ ಪಕ್ಕ ಜಾಗ ಗುರುತಿಸಿದರು. ಹತ್ತಿರದಲ್ಲೇ ರೈಲ್ವೆ ಸ್ಟೇಷನ್, ಎರಡು ವಿಶ್ವವಿದ್ಯಾಲಯಗಳ ಕ್ಯಾಂಪಸ್. 1999ರ ಮೇನಲ್ಲಿ ಸ್ಥಳೀಯ ಚುನಾವಣೆಯ ಜೊತೆಗೇ ಬ್ರೈಟನ್ ಮತ್ತು ಹೋವ್‌ನ ಮತದಾರರನ್ನು ಕೇಳಿದರು. 68% ಜನ 'ಆಗಲಿ' ಅಂದರು.

ಇಲ್ಲಿಗೆ ಕಥೆ ಮುಗೀಬೇಕಿತ್ತು, ಅಲ್ವಾ? ನಾನೂ ಮೊದಲು ಓದಿದಾಗ ಹಾಗೇ ಅಂದ್ಕೊಂಡೆ. ಜನ ಒಪ್ಪಿದ್ದಾರೆ, ಇನ್ನೇನು ತಕರಾರು? ಆಮೇಲೆ ಮ್ಯಾಪ್ ತೆಗೆದು ನೋಡಿದೆ. ಬ್ರೈಟನ್ ನಗರದ ಗಡಿ ಹೆಚ್ಚುಕಡಿಮೆ ಈ ಸ್ಟೇಡಿಯಂ ಪಕ್ಕದಲ್ಲೇ ಹಾದು ಹೋಗುತ್ತೆ. ಸ್ಟೇಡಿಯಂ ಬರೋದು ನಗರದ ಕಡೆ. ಆದರೆ ಫಾಲ್ಮರ್ ಹಳ್ಳಿ ಇರೋದು ಗಡಿಯ ಆಚೆ, ಲೂಯಿಸ್ ಜಿಲ್ಲೆಯಲ್ಲಿ. ಅಂದ್ರೆ ಸ್ಟೇಡಿಯಂ ಯಾರ ಪಕ್ಕದಲ್ಲಿ ಬರುತ್ತೋ ಅವರಿಗೇ ಆ ಮತದಾನದಲ್ಲಿ ಓಟಿಲ್ಲ. ಪಕ್ಕದ ಬಡಾವಣೆಯವರೆಲ್ಲ ಸೇರಿ ನಿಮ್ಮ ಮನೆ ಮುಂದೆ ಕಲ್ಯಾಣ ಮಂಟಪ ಬರಲಿ ಅಂತ ಕೈ ಎತ್ತಿದ ಹಾಗೆ. 68% ಅನ್ನೋ ಅಂಕಿ ಸುಳ್ಳಲ್ಲ, ಆದರೆ ಅದು ಅವರಿಗೆ ಕೊಟ್ಟ ಉತ್ತರವೂ ಅಲ್ಲ.

ಅವರ ಆಕ್ಷೇಪ ಏನಿತ್ತು? ಟ್ರಾಫಿಕ್, ಪಾರ್ಕಿಂಗ್, ಗಲಾಟೆ ಇದ್ದೇ ಇತ್ತು. ಅದಕ್ಕಿಂತ ದೊಡ್ಡದು ಗುಡ್ಡದ್ದು. ಆ ಜಾಗ ಸಸೆಕ್ಸ್ ಡೌನ್ಸ್ ಅನ್ನೋ ಸುಣ್ಣಕಲ್ಲಿನ ಗುಡ್ಡಸಾಲಿಗೆ ಸೇರಿದ್ದು, ನಿಸರ್ಗ ಸೌಂದರ್ಯಕ್ಕಾಗಿ ಕಾನೂನಿನ ರಕ್ಷಣೆ ಪಡೆದ ಪ್ರದೇಶ. ಇಂಥ ಕಡೆ ದೊಡ್ಡ ಕಟ್ಟಡ ಬರಬೇಕಾದರೆ ಬೇರೆಲ್ಲೂ ಜಾಗ ಇಲ್ಲ, ಇದು ಬರಲೇಬೇಕಾದಷ್ಟು ಮುಖ್ಯ ಅಂತ ತೋರಿಸಬೇಕು. ಒಂದು ಸಲ ಬಾಗಿಲು ತೆಗೆದರೆ ನಾಳೆ ಇನ್ನೊಬ್ಬರು ಬರ್ತಾರೆ ಅನ್ನೋ ಭಯ ಅವರದ್ದು. ನಂದಿ ಬೆಟ್ಟದ ಬುಡದಲ್ಲಿ ಏನಾಗ್ತಿದೆ ಅಂತ ನೋಡ್ತಿರೋ ನಮಗೆ ಆ ಭಯ ಹೊಸದಲ್ಲ. ಫಾಲ್ಮರ್ ಗ್ರಾಮ ಪರಿಷತ್ತು, ಲೂಯಿಸ್ ಜಿಲ್ಲಾ ಕೌನ್ಸಿಲ್ ಎರಡೂ ವಿರೋಧಕ್ಕೆ ನಿಂತವು.

ಈಗ ಅಭಿಮಾನಿಗಳ ಕಡೆ ಬರೋಣ. ಇವರು ಮೊದಲು ಸಿಟ್ಟು ಮಾಡ್ಕೊಳ್ಳದ ಜನ ಏನಲ್ಲ. 1996ರಲ್ಲಿ ಹಳೇ ಮಾಲೀಕರ ವಿರುದ್ಧ ಮೈದಾನಕ್ಕೆ ನುಗ್ಗಿ ಮ್ಯಾಚನ್ನೇ ಅರ್ಧಕ್ಕೆ ನಿಲ್ಲಿಸಿದವರು. ಆದರೆ ಫಾಲ್ಮರ್ ವಿಷಯದಲ್ಲಿ ಅದೇ ವರಸೆ ನಡೆಯಲ್ಲ ಅಂತ ಅವರಿಗೆ ಗೊತ್ತಾಯ್ತು. ಫುಟ್‌ಬಾಲ್ ಅಭಿಮಾನಿಗಳು ಅಂದ್ರೆ ಪುಂಡರು ಅನ್ನೋದೇ ಹಳ್ಳಿಯವರ ಆತಂಕ. ಅವರ ಮನೆ ಮುಂದೆ ಹೋಗಿ ಕೂಗಾಡಿದರೆ ಆ ಆತಂಕವನ್ನೇ ನಿಜ ಮಾಡಿದ ಹಾಗಲ್ವಾ?

'ಫಾಲ್ಮರ್ ಫಾರ್ ಆಲ್' ಅಂತ ಒಂದು ಚಳವಳಿ ಕಟ್ಟಿದರು. ಸಹಿ ಸಂಗ್ರಹ, ಪತ್ರ, ಪೋಸ್ಟ್‌ಕಾರ್ಡ್. ಅಂತಿಮ ತೀರ್ಮಾನ ಆಗಿನ ಉಪಪ್ರಧಾನಿ ಜಾನ್ ಪ್ರೆಸ್ಕಾಟ್ ಕೈಯಲ್ಲಿತ್ತು, ವ್ಯಾಲೆಂಟೈನ್ಸ್ ಡೇ ದಿನ ಅವರಿಗೆ ಹೂಗುಚ್ಛ ಕಳಿಸಿದರು. ಬೈಗುಳ ಅಲ್ಲ, ಹೂವು! 2005ರ ಜನವರಿಯಲ್ಲಿ ಸೀಗಲ್ಸ್ ಸ್ಕಾ ಅನ್ನೋ ಹೆಸರಲ್ಲಿ ಒಂದು ಹಾಡು ಬಿಟ್ಟರು, ಫಾಲ್ಮರ್ ನಮಗೆ ಬೇಕು ಅಂತ. ಸೀಗಲ್ಸ್ ಅಂದ್ರೆ ಕಡಲಹಕ್ಕಿಗಳು, ತಂಡದ ಅಡ್ಡಹೆಸರು. ಧಾಟಿ ದಕ್ಷಿಣ ಆಫ್ರಿಕಾದ ಹಳೇ ಕೊಳಲಿನ ಹಾಡು 'ಟಾಮ್ ಹಾರ್ಕ್'ನದ್ದು. ಬ್ರಿಟನ್ನಿನ ಪಟ್ಟಿಯಲ್ಲಿ ಅದು 17ನೇ ಸ್ಥಾನಕ್ಕೆ ಏರಿತು. ಪ್ಲಾನಿಂಗ್ ಅರ್ಜಿಯ ಮೇಲೆ ಬರೆದ ಹಾಡು ಅಲ್ಲಿವರೆಗೆ ಹೋಗಿದ್ದು ನನಗೆ ಈಗಲೂ ತಮಾಷೆ ಅನ್ಸುತ್ತೆ.

ಆದರೆ ಕೇಳಿ, ಹಾಡು-ಹೂವು ಪೇಪರಿನಲ್ಲಿ ಫೋಟೋ ಬರೋಕೆ ಸರಿ. ಸರ್ಕಾರಿ ವಿಚಾರಣೆಯಲ್ಲಿ ಅದು ಸಾಲಲ್ಲ. 2002ರಲ್ಲಿ ಬ್ರೈಟನ್ ಕೌನ್ಸಿಲ್ ಒಪ್ಪಿಗೆ ಕೊಟ್ಟಿತ್ತು. ಆಮೇಲೆ ನಡೆದ ವಿಚಾರಣೆಯ ಅಧಿಕಾರಿ ಮಾತ್ರ 'ಬೇಡ' ಅಂತಲೇ ಶಿಫಾರಸು ಮಾಡಿದರು. ಪ್ರೆಸ್ಕಾಟ್ ಅದನ್ನ ಅಲ್ಲಿಗೇ ಮುಗಿಸದೆ, ಬೇರೆ ಜಾಗ ನಿಜಕ್ಕೂ ಇದೆಯಾ ನೋಡಿ ಅಂತ ಎರಡನೇ ವಿಚಾರಣೆಗೆ ಹೇಳಿದರು. ಅಸಲಿ ಹೋರಾಟ ನಡೆದಿದ್ದು ಅಲ್ಲಿ: ಒಂದೊಂದೇ ಪರ್ಯಾಯ ಜಾಗ ಇಟ್ಕೊಂಡು ಇಲ್ಲಿ ರಸ್ತೆ ಇಲ್ಲ, ಇಲ್ಲಿ ರೈಲಿಲ್ಲ, ಇಲ್ಲೂ ಅದೇ ಗುಡ್ಡ ಅಂತ ವಾದ. ಬೋರಿಂಗ್ ಕೆಲಸ. ಗೆಲ್ಲಿಸಿದ್ದು ಅದೇ ಅಂತ ನನ್ನ ಅನಿಸಿಕೆ.

ಹಳ್ಳಿಯವರ ಪ್ರಶ್ನೆಗೆ ಉತ್ತರ ಇದ್ದಿದ್ದೂ ವಿನ್ಯಾಸದಲ್ಲೇ. ಸ್ಟೇಡಿಯಂನ ಒಂದಷ್ಟು ಭಾಗವನ್ನು ನೆಲದೊಳಗೆ ಇಳಿಸಿ ಕಟ್ಟೋದು, ಎತ್ತರ ಕಡಿಮೆ ಕಾಣೋಕೆ. ಮ್ಯಾಚ್ ಟಿಕೆಟ್‌ನಲ್ಲೇ ನಿಗದಿತ ವ್ಯಾಪ್ತಿಯ ಬಸ್, ರೈಲು ಪ್ರಯಾಣ ಸೇರಿಸೋದು, ಕಾರುಗಳು ಹಳ್ಳಿಗೆ ನುಗ್ಗದ ಹಾಗೆ. ಈ ಟಿಕೆಟ್ ಪದ್ಧತಿಯನ್ನ ವಿದ್‌ಡೀನ್‌ನಲ್ಲೇ ಮಾಡಿ ತೋರಿಸಿದ್ದರು, ಅಲ್ಲೂ ಅಕ್ಕಪಕ್ಕದ ನಿವಾಸಿಗಳ ತಕರಾರಿತ್ತು. 'ನಾವು ಒಳ್ಳೆಯವರು, ನಂಬಿ' ಅನ್ನೋದಕ್ಕಿಂತ 'ವರ್ಷಗಟ್ಟಲೆ ಹೀಗೇ ಮಾಡ್ತಿದ್ದೀವಿ, ಬಂದು ನೋಡಿ' ಅನ್ನೋದಕ್ಕೆ ತೂಕ ಜಾಸ್ತಿ.

2005ರ ಅಕ್ಟೋಬರ್‌ನಲ್ಲಿ ಪ್ರೆಸ್ಕಾಟ್ ಒಪ್ಪಿಗೆ ಕೊಟ್ಟರು. ಲೂಯಿಸ್ ಕೌನ್ಸಿಲ್ ಕೋರ್ಟಿಗೆ ಹೋಯ್ತು. ಆಗ ಗೊತ್ತಾಗಿದ್ದು, ಒಪ್ಪಿಗೆ ಪತ್ರದಲ್ಲೇ ಒಂದು ತಪ್ಪಿದೆ. ಜಾಗ ಊರಿನ ಕಟ್ಟಡ ವ್ಯಾಪ್ತಿಯ ಗಡಿಯೊಳಗೆ ಎಷ್ಟಿದೆ ಅನ್ನೋದನ್ನ ತಪ್ಪಾಗಿ ಬರೆದಿದ್ದರು. ಒಂದು ಪತ್ರದ ತಪ್ಪಿಗೆ 2006ರಲ್ಲಿ ಇಡೀ ಅನುಮತಿಯೇ ರದ್ದಾಯ್ತು.

ಅಭಿಮಾನಿಗಳ ತಾಳ್ಮೆ ತಪ್ಪಿದ್ದು ಇಲ್ಲಿ. ಸೀಗಲ್ಸ್ ಪಾರ್ಟಿ ಅಂತ ಪಕ್ಷವನ್ನೇ ಕಟ್ಟಿ ಲೂಯಿಸ್ ಜಿಲ್ಲೆಯ ಚುನಾವಣಾ ಕಣಕ್ಕಿಳಿದರು. ನಿಮಗೆ ಇದು ಸೇಡು ಅನ್ಸಬಹುದು. ನನಗೆ ಬೇರೆ ಥರ ಕಾಣುತ್ತೆ. ಮೊದಲ ಮತದಾನದಲ್ಲಿ ಗಡಿಯ ಆಚೆಯವರನ್ನು ಯಾರೂ ಕೇಳಿರಲಿಲ್ಲ. ಈಗ ಅಭಿಮಾನಿಗಳು ಗಡಿ ದಾಟಿ ಅದೇ ಜಿಲ್ಲೆಯ ಜನರ ಹತ್ತಿರ ಹೋಗಿ ಓಟು ಕೇಳಬೇಕಾಯ್ತು, ಏಳು ವರ್ಷ ತಡವಾಗಿ.

2007ರ ಜುಲೈನಲ್ಲಿ ಸಚಿವೆ ಹೇಝಲ್ ಬ್ಲಿಯರ್ಸ್ ಮತ್ತೆ ಒಪ್ಪಿಗೆ ಕೊಟ್ಟರು. 2008ರ ಡಿಸೆಂಬರ್‌ನಲ್ಲಿ ಕೆಲಸ ಶುರು. ದುಡ್ಡು ಹಾಕಿದ್ದು ಟೋನಿ ಬ್ಲೂಮ್, ಚಿಕ್ಕಂದಿನಿಂದ ಇದೇ ತಂಡದ ಅಭಿಮಾನಿ, 2009ರಲ್ಲಿ ಕ್ಲಬ್ಬಿನ ಅಧ್ಯಕ್ಷರಾದವರು.

ಹಳ್ಳಿಯವರು ಸೋತರು ಅಂತ ಹೇಳಬಹುದು, ಸ್ಟೇಡಿಯಂ ಬಂತಲ್ಲ. ಆದರೆ ಅವರು ಎದುರು ನಿಲ್ಲದೇ ಇದ್ದಿದ್ದರೆ ನೆಲಕ್ಕಿಳಿದ ವಿನ್ಯಾಸ, ರೈಲು ಟಿಕೆಟ್ ಇವೆಲ್ಲ ಇಷ್ಟು ಗಟ್ಟಿಯಾಗಿ ಬರ್ತಿತ್ತಾ? ನನಗೆ ಅನುಮಾನ.

2011ರ ಆಗಸ್ಟ್ 6. ಹೊಸ ಮೈದಾನದಲ್ಲಿ ಮೊದಲ ಲೀಗ್ ಮ್ಯಾಚ್, ಎದುರಾಳಿ ಯಾರು ಗೊತ್ತಾ? ಅದೇ ಡಾಂಕಾಸ್ಟರ್. ಮೊದಲ ಗೋಲ್ ಹೊಡೆದಿದ್ದೂ ಅವರೇ. ವಿಲ್ ಬಕ್ಲಿ ಅನ್ನೋ ಹೊಸ ಹುಡುಗ ಸಬ್‌ಸ್ಟಿಟ್ಯೂಟ್ ಆಗಿ ಇಳಿದು ಕೊನೇ ಹೊತ್ತಿನಲ್ಲಿ ಸಮ ಮಾಡಿದ, ಇಂಜುರಿ ಟೈಮ್‌ನಲ್ಲಿ ಇನ್ನೊಂದು ಹೊಡೆದ. 2-1. ಈ ಸಲ ಗೋಲ್ ಆಯ್ತಾ ಅಂತ ಯಾರೂ ಪಕ್ಕದವರನ್ನ ಕೇಳಬೇಕಿರಲಿಲ್ಲ, ಮಧ್ಯೆ ಟ್ರ್ಯಾಕೇ ಇಲ್ಲ.

ಮುಂದಿನ ಸಂಚಿಕೆಯಲ್ಲಿ ಸಿಗೋಣ.