ಹಬ್ಬದ ಉಡುಗೊರೆಯೋ, ಹೊಲದ ಬುತ್ತಿಯೋ?

ಮಾರ್ಗಶಿರ ಮಾಸದ ಕೊನೆಗೆ ಬರುವ ಎಳ್ಳಮಾವಾಸ್ಯೆಯ ದಿನ, ವಿಜಯಪುರದಿಂದ ಪಶ್ಚಿಮಕ್ಕೆ ಸಾಗುವ ಅಥಣಿ ರಸ್ತೆಯ ಅಂಚಿನಲ್ಲಿ ಒಂದು ಗಳಿಗೆ ನಿಂತು ನೋಡಿರಿ. ನೌಕರರು, ಅಂಗಡಿಕಾರರು, ಶಾಲೆಯ ಮಕ್ಕಳು, ಅಜ್ಜ-ಅಜ್ಜಿಯರು ಬುತ್ತಿಯ ಗಂಟುಗಳೊಡನೆ ತಿಕೋಟಾದ ಕಡೆಯ ಹೊಲಗಳಿಗೆ ಹೊರಟಿರುತ್ತಾರೆ. ಹಿಂದೆ ಸಿಂಗರಿಸಿದ ಎತ್ತಿನ ಬಂಡಿಗಳಿದ್ದವು; ಈಗ ಟ್ರ್ಯಾಕ್ಟರು, ಜೀಪು, ಮೋಟಾರು ಸೈಕಲ್ಲುಗಳೂ ಸೇರಿವೆ. ಹೊಲವನ್ನು ತಲುಪಿದ ಮೇಲೆ ಐದು ಕಲ್ಲುಗಳನ್ನಿರಿಸಿ ಪಾಂಡವರೆಂದು ಪೂಜಿಸುತ್ತಾರೆ. ನೈವೇದ್ಯದ ಅಡಿಗೆಯನ್ನು ಬೆಳೆಯ ನಡುವೆ ಭೂತಾಯಿಗೆ ಚೆಲ್ಲುತ್ತಾರೆ. ಇದಕ್ಕೆ ಚರಗವೆಂದು ಹೆಸರು. ಅನಂತರ ಎಲ್ಲರೂ ಒಟ್ಟಿಗೆ ಕುಳಿತು ಸಜ್ಜೆಯ ರೊಟ್ಟಿ, ಎಣಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆಗಳ ಊಟ ಮಾಡುತ್ತಾರೆ. ಹೊಲವಿಲ್ಲದ ನೆರೆಯವರಿಗೂ ಇಲ್ಲಿ ಕರೆಯುಂಟು.

ಈ ಹಬ್ಬಕ್ಕೆ ಅಂಗಡಿಯಿಂದ ಉಡುಗೊರೆ ತರುವ ಕಟ್ಟಳೆಯಿಲ್ಲ. ಆದರೂ ನಡುವಯಸ್ಸಿನವರನ್ನು ಬಾಲ್ಯದ ಹಬ್ಬಗಳ ವಿಷಯ ಕೇಳಿದರೆ, ದೀಪಾವಳಿಗೆ ಯಾವ ವರ್ಷ ಯಾವ ಬಣ್ಣದ ಅಂಗಿ ಬಂದಿತೆಂದು ಹೇಳುವುದು ಅವರಿಗೆ ಕಷ್ಟ. ಚರಗದ ದಿನ ಬಂಡಿಯಿಂದ ಬಿದ್ದವರಾರು, ಕಡಲೆಯ ಗಿಡ ಕಿತ್ತು ತಿಂದವರಾರು ಎಂಬುದನ್ನು ಮಾತ್ರ ನಗುತ್ತ ವರ್ಣಿಸುತ್ತಾರೆ. ಇದೇಕೆ ಹೀಗೆ? ವಸ್ತು ಮನೆಯಲ್ಲಿ ಉಳಿದಿದ್ದರೂ ಅದರ ಸಂತೋಷ ಅಳಿಯುವುದೇಕೆ? ದಿನವು ಕಳೆದುಹೋದರೂ ಅದರ ಸಂತೋಷ ಉಳಿಯುವುದೇಕೆ? ಮನಶ್ಶಾಸ್ತ್ರಜ್ಞರು ಈ ಪ್ರಶ್ನೆಯನ್ನು ಕೆಲವು ದಶಕಗಳಿಂದ ಪರೀಕ್ಷೆಗೆ ಒಳಪಡಿಸಿದ್ದಾರೆ.

ಮೊದಲು ಲೆಕ್ಕದ ಮಾತು. ಅಮೆರಿಕದ ಅರ್ಥಶಾಸ್ತ್ರಜ್ಞ ಜೋಯೆಲ್ ವಾಲ್ಡ್‌ಫೋಗೆಲ್ ಎಂಬವರು ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನು, ಕ್ರಿಸ್‌ಮಸ್ ಹಬ್ಬದಲ್ಲಿ ತಮಗೆ ಬಂದ ಉಡುಗೊರೆಗಳಿಗೆ ಅವರು ಎಷ್ಟು ಬೆಲೆ ಕಟ್ಟುವರೆಂದು ವಿಚಾರಿಸಿದರು. ಪ್ರೀತಿಯ ಬೆಲೆಯನ್ನು ಬದಿಗಿಟ್ಟು, ವಸ್ತುವಿನ ಬೆಲೆಯನ್ನಷ್ಟೇ ಹೇಳಬೇಕಾಗಿತ್ತು. 1993ರಲ್ಲಿ ಪ್ರಕಟವಾದ ಅವರ ಲೇಖನದ ಪ್ರಕಾರ, ಕೊಟ್ಟವರು ತೆತ್ತ ಹಣಕ್ಕಿಂತ ಪಡೆದವರು ಕಟ್ಟಿದ ಬೆಲೆಯು ಹತ್ತರಲ್ಲೊಂದು ಪಾಲಿನಿಂದ ಮೂರರಲ್ಲೊಂದು ಪಾಲಿನವರೆಗೆ ಕಡಿಮೆಯಾಗಿತ್ತು. ಸಾವಿರ ರೂಪಾಯಿಯ ಉಡುಗೊರೆಯಲ್ಲಿ ನೂರರಿಂದ ಮುನ್ನೂರ ಮೂವತ್ತು ರೂಪಾಯಿ ಯಾರಿಗೂ ದಕ್ಕದೆ ಹೋದಂತಾಯಿತು! ಇನ್ನೊಬ್ಬರ ಇಷ್ಟವನ್ನು ಊಹಿಸುವುದು ಸುಲಭವಲ್ಲವೆಂಬುದೇ ಇದರ ಅರ್ಥ.

ಎರಡನೆಯದು ರೂಢಿಯ ಪ್ರಭಾವ. ಊದುಬತ್ತಿ ಹಚ್ಚಿದ ಕೋಣೆಯನ್ನು ಹೊಕ್ಕೊಡನೆ ಪರಿಮಳವು ಮೂಗಿಗೆ ಬಡಿಯುತ್ತದೆ. ಸ್ವಲ್ಪ ಹೊತ್ತಿನಲ್ಲೇ ಅದು ಇದ್ದೂ ಇಲ್ಲದಂತಾಗುತ್ತದೆ. ಪರಿಮಳವು ಪೂರ್ತಿ ಹೋಗಿರುವುದಿಲ್ಲ. ಬದಲಾಗದ ಸುದ್ದಿಗೆ ನಮ್ಮ ನರಮಂಡಲವು ಹೆಚ್ಚು ಗಮನ ಕೊಡುವುದಿಲ್ಲ. ಸಂತೋಷದ ವಿಷಯದಲ್ಲಿಯೂ ಇಂತಹದೇ ನಡೆಯುತ್ತದೆಂದು ಬ್ರಿಕ್‌ಮನ್ ಮತ್ತು ಕ್ಯಾಂಪ್‌ಬೆಲ್ ಎಂಬ ವಿದ್ವಾಂಸರು 1971ರಲ್ಲಿ ವಿವರಿಸಿದರು. ಹೊಸ ಗಡಿಯಾರವು ಮೊದಲ ವಾರ ಹಿಗ್ಗು ತರುತ್ತದೆ, ಮುಂದೆ ಅದು ಬರಿಯ ಗಡಿಯಾರ. ಆಗ ಮತ್ತೊಂದು ವಸ್ತು ಬೇಕೆನಿಸುತ್ತದೆ. ಗಾಣದ ಎತ್ತು ದಿನವೆಲ್ಲ ನಡೆದರೂ ಇದ್ದಲ್ಲೇ ಇರುವಂತೆ, ಕೊಂಡಷ್ಟೂ ಸಂತೋಷವು ಇದ್ದಲ್ಲೇ ನಿಲ್ಲುತ್ತದೆ.

ಪ್ರವಾಸದ ರೀತಿ ಬೇರೆ. ಅದು ದಿನವೂ ಕಣ್ಣೆದುರು ಬಿದ್ದಿರುವುದಿಲ್ಲವಾದ್ದರಿಂದ ಹಳಸುವುದು ನಿಧಾನ. 2003ರಲ್ಲಿ ವ್ಯಾನ್ ಬೋವೆನ್ ಮತ್ತು ಗಿಲೋವಿಚ್ ಎಂಬವರು ಪ್ರಕಟಿಸಿದ ಅಮೆರಿಕದ ಸಮೀಕ್ಷೆಯೊಂದರಲ್ಲಿ, ಅನುಭವಕ್ಕಾಗಿ ಮಾಡಿದ ವೆಚ್ಚವೇ ಹೆಚ್ಚು ಸುಖ ಕೊಟ್ಟಿತೆಂದವರು ಶೇಕಡಾ 57. ವಸ್ತುವೆಂದವರು ಶೇಕಡಾ 34. ಹೊರಡುವ ಮುನ್ನವೂ ಸುಖವುಂಟು: ಅನುಭವವನ್ನು ಎದುರುನೋಡುವ ಕಾಲವು ವಸ್ತುವನ್ನು ಎದುರುನೋಡುವ ಕಾಲಕ್ಕಿಂತ ಹೆಚ್ಚು ಹಿತಕರವೆಂದು 2014ರ ಸಂಶೋಧನೆಯೊಂದು ತೋರಿಸಿತು. ಮರಳಿದ ಮೇಲೂ ಸುಖವುಂಟು: ಕಥೆಯನ್ನು ಮತ್ತೆ ಮತ್ತೆ ಹೇಳುತ್ತೇವೆ, ಬಿಸಿಲು ಬಾಯಾರಿಕೆಗಳು ಮರೆತು, ನಗೆಯ ಪ್ರಸಂಗಗಳು ಉಳಿಯುತ್ತವೆ. ಅಲ್ಲದೆ, ನಿಮ್ಮ ಅಂಗಿಯನ್ನು ಗೆಳೆಯನ ಅಂಗಿಯೊಡನೆ ಹೋಲಿಸುವುದು ಸುಲಭ. ನಿಮ್ಮ ಅಜ್ಜಿಯೊಡನೆ ಹೊಲದಲ್ಲಿ ಉಂಡ ಊಟವನ್ನು ಯಾವುದರೊಡನೆ ಹೋಲಿಸುವಿರಿ?

ಆದರೆ ಶಾಸ್ತ್ರವು ಎರಡೂ ಕಡೆಯನ್ನು ನೋಡಬೇಕಷ್ಟೆ. 2018ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನವು ಒಂದು ಎಚ್ಚರಿಕೆಯನ್ನು ಕೊಟ್ಟಿತು: ಅನುಭವವು ವಸ್ತುವಿಗಿಂತ ಮೇಲೆಂಬುದು ಅನುಕೂಲಸ್ಥರ ಪಾಲಿಗೆ ನಿಜ, ಕೈ ಬಿಗಿಯಿರುವವರಿಗೆ ವಸ್ತುವಿನಿಂದ ಬರುವ ಸಂತೋಷವು ಅಷ್ಟೇ, ಕೆಲವೊಮ್ಮೆ ಅದಕ್ಕೂ ಹೆಚ್ಚು. ಇರುವುದೊಂದೇ ಅಂಗಿಯಾಗಿರುವ ಹುಡುಗನಿಗೆ ದೀಪಾವಳಿಯ ಹೊಸ ಅಂಗಿಯು ಎಷ್ಟೋ ತಿಂಗಳ ಮಾನ ಮತ್ತು ಬೆಚ್ಚಗು. ಅದನ್ನು ತಪ್ಪಿಸಿ ಪ್ರವಾಸವನ್ನು ಹೊಗಳುವುದು ಜಾಣತನವಲ್ಲ. ಇನ್ನೊಂದು ಮಾತು. ಎರಡು ದಿನ ಒಲೆಯ ಮುಂದೆ ಕುಳಿತು ರೊಟ್ಟಿ ತಟ್ಟಿದ ತಾಯಿಗೆ ಚರಗದ ದಿನವು ವಿಹಾರವೋ, ದುಡಿಮೆಯೋ? ಹೋಳಿಗೆಯ ಹಿಟ್ಟು ನಾದುವುದರಿಂದ ಹಿಡಿದು ಮರಳಿ ಬಂದ ಪಾತ್ರೆಗಳನ್ನು ತೊಳೆಯುವವರೆಗೆ ಕೆಲಸವನ್ನು ಎಲ್ಲರೂ ಹಂಚಿಕೊಂಡರೆ ಮಾತ್ರ ಆ ದಿನವು ಅವಳಿಗೂ ಉಡುಗೊರೆಯಾದೀತು.

ಪ್ರವಾಸವೆಂದರೆ ದೂರದೂರಿಗೆ ಹೋಗಬೇಕೆಂದೇನೂ ಇಲ್ಲ. ಅಥಣಿ ರಸ್ತೆಯನ್ನೇ ತೆಗೆದುಕೊಳ್ಳಿ. ನಗರವನ್ನು ದಾಟಿದರೆ ಕೆಲವೇ ಕಿಲೋಮೀಟರುಗಳಲ್ಲಿ ತೊರವಿ. ಕುಮಾರ ವಾಲ್ಮೀಕಿಯ ತೊರವೆ ರಾಮಾಯಣಕ್ಕೆ ಹೆಸರು ಕೊಟ್ಟ ಊರಿದು. ನರಸಿಂಹನ ಗುಡಿ ಇಲ್ಲಿದೆ. ಎರಡನೆಯ ಇಬ್ರಾಹಿಂ ಆದಿಲ್ ಶಾಹನು 1599ರಲ್ಲಿ ಇಲ್ಲಿಯೇ ನವರಸಪುರವೆಂಬ ಹೊಸ ನಗರವನ್ನು ಕಟ್ಟಲಾರಂಭಿಸಿದನು. 1624ರಲ್ಲಿ ಮಲಿಕ್ ಅಂಬರನ ದಾಳಿಗೆ ಅದು ಹಾಳಾಯಿತು. ಸಂಗೀತ ಮಹಲಿನ ಅವಶೇಷಗಳನ್ನು ಇಂದಿಗೂ ಕಾಣಬಹುದು. ಆ ಕಾಲದ ವಿಜಯಪುರಕ್ಕೆ ತೊರವಿಯ ಕಡೆಯಿಂದ ನೆಲದೊಳಗಿನ ಸುರಂಗಗಳ ಮೂಲಕ ನೀರು ಹರಿಯುತ್ತಿದ್ದಿತು. ಭೂಮಿಯ ಇಳಿಜಾರೇ ಅದಕ್ಕೆ ಯಂತ್ರ.

ನಗರದಿಂದ ಸುಮಾರು 20 ಕಿಲೋಮೀಟರು ಹೋದರೆ ತಿಕೋಟಾ. ಸುತ್ತಲೂ ದ್ರಾಕ್ಷಿಯ ತೋಟಗಳು. ಕಾಲ ಕೆಳಗಿನ ಎರೆಮಣ್ಣು, ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಹರಿದು ಗಟ್ಟಿಯಾದ ಲಾವಾರಸದ ಶಿಲೆಯು ಶಿಥಿಲವಾಗಿ ಉಂಟಾದುದು. ಅದು ಮಳೆಗಾಲದ ತೇವವನ್ನು ಹಿಡಿದಿಟ್ಟುಕೊಳ್ಳುವುದರಿಂದಲೇ ಚಳಿಗಾಲದಲ್ಲಿ ಹೆಚ್ಚು ಮಳೆಯಿಲ್ಲದೆಯೂ ಬಿಳಿಜೋಳವು ತೆನೆ ಹಿರಿಯುತ್ತದೆ. ಎಳ್ಳಮಾವಾಸ್ಯೆಯ ಹೊತ್ತಿಗೆ ಹೊಲವು ಹಸುರಾಗಿರುವ ಗುಟ್ಟು ಇದೇ. ಇತಿಹಾಸ, ಭೂಗರ್ಭಶಾಸ್ತ್ರ, ಕೃಷಿ ಮೂರೂ ಒಂದೇ ರಸ್ತೆಯಲ್ಲಿ ಸಿಕ್ಕವಲ್ಲವೆ?

ಆದುದರಿಂದ ಮುಂದಿನ ಹಬ್ಬಕ್ಕೆ ಮುನ್ನ ವಿದ್ಯಾರ್ಥಿ ಮಿತ್ರರು ಮನೆಯವರೊಡನೆ ಕುಳಿತು ಒಂದು ಚಿಕ್ಕ ಲೆಕ್ಕ ಹಾಕಬಹುದು. ಅವಶ್ಯವಾದ ವಸ್ತುಗಳನ್ನು ಮೊದಲು ಒಂದು ಪಟ್ಟಿ ಮಾಡಿರಿ, ಅವನ್ನು ಕೊಳ್ಳಲೇಬೇಕು. ಉಳಿದದ್ದು ಬರಿಯ ಬಾಯುಪಚಾರದ ಉಡುಗೊರೆಯಾದರೆ, ಆ ಹಣವನ್ನು ಎಲ್ಲರೂ ಕೂಡಿ ಕಳೆಯುವ ಒಂದು ದಿನಕ್ಕೆ ವಿನಿಯೋಗಿಸಿರಿ. ನಡೆಯಲಾರದ ಅಜ್ಜನಿಗೆ ವಾಹನದಲ್ಲಿ ಮೊದಲ ಸ್ಥಳ ಕೊಡಿರಿ. ವಸ್ತುವನ್ನು ಮುಂದಿನ ವರ್ಷವೂ ಕೊಳ್ಳಬಹುದು. ಅಜ್ಜನೊಡನೆ ಹೊಲದಲ್ಲಿ ಕುಳಿತು ಉಣ್ಣುವ ದಿನಗಳು ಎಷ್ಟು ಉಳಿದಿವೆಯೆಂದು ಯಾವ ಅಂಗಡಿಯವನೂ ಹೇಳಲಾರನು.