ಅಡಿಗೆಮನೆಯ ಜೀರ್ಣೋದ್ಧಾರ

ದೇವಾಲಯಗಳ ಜೀರ್ಣೋದ್ಧಾರಕ್ಕೆ ಚಂದಾ ಎತ್ತುವ ವಿಷಯದಲ್ಲಿ ನಮ್ಮ ಜಿಲ್ಲೆಯವರು ಯಾರಿಗೂ ಹಿಂದೆ ಬಿದ್ದವರಲ್ಲ. ಗರ್ಭಗುಡಿಯ ಮಾಡು ಸೋರಿತೆಂದರೆ ಒಂದು ಸಮಿತಿ ಹುಟ್ಟುತ್ತದೆ, ರಶೀದಿ ಪುಸ್ತಕ ಅಚ್ಚಾಗುತ್ತದೆ, ಶಿಲ್ಪಿಗಳು ಬರುತ್ತಾರೆ. ಆದರೆ ದಿನಕ್ಕೆ ಮೂರು ಹೊತ್ತು ಅಗ್ನಿಯು ಪ್ರಜ್ವಲಿಸುವ, ಮನೆಯ ಪ್ರತಿಯೊಬ್ಬನ ಪ್ರಾಣಕ್ಕೂ ಆಧಾರವಾದ ಇನ್ನೊಂದು ಸ್ಥಳವು ಪ್ರತಿ ಮನೆಯಲ್ಲಿಯೂ ಇದೆ. ಅದರ ಗೋಡೆಗೆ ಮಸಿ ಹಿಡಿದು ಮೂರು ತಲೆಮಾರು ಕಳೆದರೂ ಅದರ ಜೀರ್ಣೋದ್ಧಾರದ ಮಾತನ್ನು ಯಾರೂ ಎತ್ತುವುದಿಲ್ಲ.

ಈ ಪುಟದಲ್ಲಿ ಸಾಧಾರಣವಾಗಿ ಆಯವ್ಯಯ, ಬಂದರು, ರಸ್ತೆ, ಶಿಕ್ಷಣ ಇವುಗಳ ಚರ್ಚೆ ನಡೆಯುವುದನ್ನು ವಾಚಕ ಮಹಾಶಯರು ಬಲ್ಲರು. ಇಂತಹ ಸ್ಥಳದಲ್ಲಿ ಒಲೆಯ ಕಥೆಯೇಕೆಂದು ಕೇಳುವವರಿಗೆ ಒಂದೇ ಒಂದು ಅಂಕಿಯನ್ನು ನಿವೇದಿಸುತ್ತೇವೆ. ಮನೆಯೊಳಗಿನ ಹೊಗೆಯಿಂದ 2020ರ ಒಂದು ವರ್ಷದಲ್ಲಿ ಜಗತ್ತಿನಲ್ಲಿ ಮರಣ ಹೊಂದಿದವರು ಸುಮಾರು 32 ಲಕ್ಷ ಜನರೆಂದು ವಿಶ್ವ ಆರೋಗ್ಯ ಸಂಸ್ಥೆಯ ಗಣನೆ. ಬೀದಿಯ ಚರಂಡಿ ಸಾರ್ವಜನಿಕ ವಿಷಯವೆನ್ನುವವರು ಇದನ್ನು ಹೆಂಗಸರ ಖಾಸಗಿ ವಿಷಯವೆಂದು ತಳ್ಳಿಬಿಡುವುದು ನ್ಯಾಯವಲ್ಲ.

ಪರರ ಮೇಲೆ ಅಪವಾದ ಹೊರಿಸುವ ಮೊದಲು ನಮ್ಮ ತಪ್ಪನ್ನು ಒಪ್ಪಿಕೊಳ್ಳುವುದು ಯೋಗ್ಯ. ಕೊಡಿಯಾಲಬೈಲಿನ ನಮ್ಮ ಮನೆಯು ಅಜ್ಜನ ಕಾಲದ್ದು. ಮುರಕಲ್ಲಿನ ಗೋಡೆ, ಹಂಚಿನ ಮಾಡು. ಚಾವಡಿಗೆ ನಾಲ್ಕು ಕಿಟಕಿ, ಹೊಳೆಯುವ ಕಾವಿಯ ನೆಲ, ಬಂದವರು ಕುಳಿತುಕೊಳ್ಳಲು ಬೀಟೆಯ ಬೆಂಚು. ಅಡಿಗೆಮನೆಗಾದರೋ ಆಗ್ನೇಯ ಮೂಲೆಯಲ್ಲಿ ಒಂದು ಗೇಣಗಲದ ಗವಾಕ್ಷಿ. ವಾಸ್ತುಶಾಸ್ತ್ರವು ಅಗ್ನಿಗೆ ದಿಕ್ಕನ್ನು ಹೇಳಿತೇ ಹೊರತು ಗಾಳಿಯನ್ನು ನಿಷೇಧಿಸಲಿಲ್ಲ. ನಿಷೇಧಿಸಿದ್ದು ನಮ್ಮ ಮಡಿ. ಹೊರಗಿನವರ ದೃಷ್ಟಿ ಅನ್ನದ ಮೇಲೆ ಬೀಳಬಾರದೆಂದು ಕಿಟಕಿಯನ್ನು ಸಣ್ಣದು ಮಾಡಿದೆವು. ಹೊರಗಿನವರ ದೃಷ್ಟಿಯೊಡನೆ ಬೆಳಕೂ ಹೊರಗೇ ನಿಂತಿತು. ಗ್ಯಾಸಿನ ಒಲೆ ಬಂದು ದಶಕಗಳು ಕಳೆದ ಮೇಲೂ ಕುಚ್ಚಿಲಕ್ಕಿ ಬೇಯಲು ಬಹಳ ಹೊತ್ತು ಬೇಕೆಂಬ ಲೆಕ್ಕಾಚಾರದಿಂದ ಅನ್ನಕ್ಕೆ ಸೌದೆಯ ಒಲೆಯನ್ನೇ ಉಳಿಸಿಕೊಂಡಿದ್ದೆವು. ಮಿತವ್ಯಯವೆಂದು ಅದಕ್ಕೆ ಹೆಸರು.

ಹೀಗಿರುವಲ್ಲಿ ಎರಡು ವರ್ಷಗಳ ಹಿಂದೆ ಗೃಹಿಣಿಗೆ ಜ್ವರ ಬಂದು ಗಂಜಿ ಬೇಯಿಸುವ ಭಾರ ನಮ್ಮ ಮೇಲೆ ಬಿತ್ತು. ಒಳಗೆ ಕಾಲಿಟ್ಟ ಕೂಡಲೆ ಅಟ್ಟದ ತೊಲೆಗೆ ಹಣೆ ಬಡಿಯಿತು. ಡಬ್ಬಿಯಲ್ಲಿದ್ದುದು ಸಾಸಿವೆಯೋ ಕರಿಮೆಣಸೋ ತಿಳಿಯದೆ ಬಾಗಿಲ ಬಳಿಗೆ ತಂದು ನೋಡಬೇಕಾಯಿತು. ಕಾಲು ಗಂಟೆಯಲ್ಲಿ ಕಣ್ಣು ಉರಿದು ನೀರು ಸುರಿಯಿತು. ಸುಧಾರಣೆಯ ವಿಷಯದಲ್ಲಿ ಮೂವತ್ತು ವರ್ಷ ಅಂಕಣಗಳನ್ನು ತುಂಬಿಸಿದವನು ತನ್ನ ಊಟದ ಮಣೆಯಿಂದ ಹತ್ತು ಹೆಜ್ಜೆ ದೂರದ ಕತ್ತಲೆಯನ್ನು ಕಂಡಿರಲಿಲ್ಲ.

ಅದೇ ಮಳೆಗಾಲದಲ್ಲಿ ತಾಯಿಯವರ ಕೆಮ್ಮು ಹೆಚ್ಚಾಯಿತು. ಅವರಿಗೆ ಎಂಬತ್ತು ಕಳೆದಿದೆ. ಪರೀಕ್ಷಿಸಿದ ವೈದ್ಯರು, ಮನೆಯಲ್ಲಿ ಬೀಡಿ ಸೇದುವವರಿದ್ದಾರೆಯೇ ಎಂದು ಕೇಳಿದರು. ಇಲ್ಲವೆಂದೆವು. ಎಷ್ಟು ವರ್ಷ ಸೌದೆಯ ಒಲೆಯ ಮುಂದೆ ಕುಳಿತಿದ್ದರೆಂಬುದು ಅವರ ಎರಡನೆಯ ಪ್ರಶ್ನೆ. ಬೀಡಿ ಸೇದಿ ಕೆಟ್ಟ ಗಂಡಸರ ಶ್ವಾಸಕೋಶದ ವ್ಯಾಧಿಯೇ, ಬೀಡಿಯನ್ನು ಮುಟ್ಟದ ಹೆಂಗಸರಿಗೆ ಒಲೆಯಿಂದ ಬರುತ್ತದಂತೆ. ಹೋದ ಶ್ವಾಸ ಹಿಂದಕ್ಕೆ ಬರುವುದಿಲ್ಲ, ಇದ್ದುದನ್ನು ಕಾಪಾಡಬಹುದೆಂದರು. ಮನೆಗೆ ಬಂದ ದಿನವೇ ಸೌದೆಯ ಒಲೆ ಆರಿತು.

ಇದು ಯಾರಿಗೂ ತಿಳಿಯದ ರಹಸ್ಯವಾಗಿತ್ತೆಂದು ನೆವ ಹೇಳುವಂತಿಲ್ಲ. ಹೈದರಾಬಾದಿನ ಇಂಜಿನಿಯರ್ ಎಸ್. ಪಿ. ರಾಜು ಅವರು 1950ರ ದಶಕದ ಆರಂಭದಲ್ಲಿಯೇ ಹೊಗೆಯಿಲ್ಲದ ಒಲೆಯ ಪ್ರಚಾರ ಮಾಡಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಎಂಬ ವಿಭಾಗವು ಮುಂದೆ ಅಸ್ತ್ರ ಒಲೆಯನ್ನು ನಿರ್ಮಿಸಿತು. ಅದರಲ್ಲಿ ಮಂತ್ರವೇನೂ ಇಲ್ಲ. ಸೌದೆಯ ಕೆಳಗೆ ಜಾಳಿಗೆಯಿಟ್ಟು ಗಾಳಿಯನ್ನು ಒಳಗೆ ಬಿಡುವುದು, ಒಂದೇ ಉರಿಯನ್ನು ಮೂರು ಪಾತ್ರೆಗಳ ಅಡಿಯಲ್ಲಿ ಹಾಯಿಸುವುದು, ಉಳಿದ ಹೊಗೆಯನ್ನು ಕೊಳವೆಯ ಮೂಲಕ ಮಾಡಿನಿಂದ ಹೊರಗೆ ಕಳುಹುವುದು, ಇಷ್ಟೆ. ಸರಕಾರವೂ 1983ರಲ್ಲಿ ಸುಧಾರಿತ ಒಲೆಗಳ ರಾಷ್ಟ್ರೀಯ ಯೋಜನೆಯನ್ನು ಹೂಡಿತು. 2016ರ ಉಜ್ವಲಾ ಯೋಜನೆಯಿಂದ ಬಡವರ ಮನೆಗೂ ಗ್ಯಾಸು ಹೋಯಿತು. ಕೊಚ್ಚಿಯಿಂದ ಮಂಗಳೂರಿಗೆ 450 ಕಿಲೋಮೀಟರಿನ ಅನಿಲದ ಕೊಳವೆ ಮಾರ್ಗವು 2021ರ ಜನವರಿಯಲ್ಲಿ ಲೋಕಾರ್ಪಣವಾಯಿತು. ಅನಿಲವು ಅಷ್ಟು ದೂರದಿಂದ ಬಂದರೂ ಗೋಡೆಯಲ್ಲಿ ಒಂದು ಕಿಟಕಿ ಒಡೆಯುವ ಕೆಲಸವು ಮನೆಯ ಯಜಮಾನನಿಗೇ ಉಳಿಯುತ್ತದೆ.

ಆದ್ದರಿಂದ ಜೀರ್ಣೋದ್ಧಾರಕ್ಕೆ ಕೈಹಾಕಿದೆವು. ಮೊದಲು ಸಿದ್ಧ ಅಡಿಗೆಮನೆಗಳನ್ನು ಮಾರುವ ಒಂದು ಅಂಗಡಿಯವರನ್ನು ಕರೆಸಿದೆವು. ಅವರ ಯುವಕನು ಗಣಕದಲ್ಲಿ ಒಂದು ಬಣ್ಣದ ಚಿತ್ರವನ್ನು ತಂದು ತೋರಿಸಿದನು: ಬೆಳ್ಳನೆಯ ಕಪಾಟುಗಳು, ಒಂದೇ ಎತ್ತರದ ಕಟ್ಟೆ, ಎಲ್ಲವೂ ನಿಂತೇ ಮಾಡುವ ಕೆಲಸ. ಖರ್ಚು ಆರು ಲಕ್ಷ. ತಾಯಿಯವರು ಚಿತ್ರವನ್ನು ಬಹಳ ಹೊತ್ತು ನೋಡಿ, "ಮಗಾ, ಇದರಲ್ಲಿ ಕೂತುಕೊಳ್ಳುವುದೆಲ್ಲಿ?" ಎಂದು ಕೇಳಿದರು. ಯುವಕನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಹೆರೆಮಣೆ ಎಲ್ಲಿಡುವುದು?" ಎಂದು ಅವರೇ ಬಿಡಿಸಿ ಹೇಳಿದರು. ಅದಕ್ಕೂ ಉತ್ತರವಿರಲಿಲ್ಲ.

ತೆಂಗಿನಕಾಯಿಯಿಲ್ಲದೆ ನಮ್ಮ ಕರಾವಳಿಯ ಅಡಿಗೆ ಇಲ್ಲ. ಕಾಯಿ ಹೆರೆಯುವುದು, ಬಸಳೆ ಹೆಚ್ಚುವುದು, ಹಲಸಿನ ಸೊಳೆ ಬಿಡಿಸುವುದು, ಸೇಮಿಗೆ ಒತ್ತುವುದು, ಇವೆಲ್ಲ ಕುಳಿತು, ಇಬ್ಬರು ಮೂವರು ಸೇರಿ, ಮಾತಾಡುತ್ತ ಮಾಡುವ ಕೆಲಸಗಳು. ನಿಂತು ಮಾಡುವ ಅಡಿಗೆಮನೆಯ ಮೂಲವನ್ನು ಹುಡುಕಿದರೆ ಅದು ಜರ್ಮನಿಯ ಫ್ರಾಂಕ್‌ಫರ್ಟ್ ನಗರಕ್ಕೆ ಹೋಗಿ ಮುಟ್ಟುತ್ತದೆ. ಅಲ್ಲಿಯ ಪುರಸಭೆಯು ಕಟ್ಟಿಸುತ್ತಿದ್ದ ಸಾಧಾರಣ ಜನರ ಮನೆಗಳಿಗಾಗಿ 1926ರಲ್ಲಿ ಮಾರ್ಗರೇಟೆ ಶ್ಯೂಟ್ಟೆ-ಲಿಹೋಟ್‌ಸ್ಕಿ ಎಂಬ ವಿಯೆನ್ನಾದ ಮಹಿಳೆಯು ರೈಲುಬಂಡಿಯ ಭೋಜನ ಡಬ್ಬಿಯ ಮಾದರಿಯನ್ನು ಅಭ್ಯಸಿಸಿ, ಎರಡು ಮೀಟರಿಗಿಂತ ಕಡಿಮೆ ಅಗಲದ, ಸುಮಾರು ಮೂರೂವರೆ ಮೀಟರು ಉದ್ದದ ಅಡಿಗೆಮನೆಯನ್ನು ರಚಿಸಿದರು. ಅಂತಹವು ಸುಮಾರು 10,000 ನಿರ್ಮಾಣವಾದವು. ಹೆಜ್ಜೆಗಳನ್ನು ಎಣಿಸಿ ಹೆಂಗಸರ ಶ್ರಮವನ್ನು ಕಡಿಮೆ ಮಾಡಬೇಕೆಂಬ ಅವರ ಉದ್ದೇಶವು ವಂದನೀಯ. ನಾಜಿಗಳನ್ನು ವಿರೋಧಿಸಿ 1941ರಲ್ಲಿ ಸೆರೆ ಸೇರಿದ ಧೀರೆ ಅವರು. ಆದರೂ ಆ ಕೋಣೆಯಲ್ಲಿ ಒಬ್ಬಳಿಗೇ ಸ್ಥಳ. ಆಗ ತಮಗೆ ಅಡಿಗೆಯ ಅನುಭವವಿರಲಿಲ್ಲವೆಂದು ಮುಂದೆ ಅವರೇ ಒಪ್ಪಿಕೊಂಡದ್ದುಂಟು! ನಮ್ಮ ಯುವಕನೂ ಕಾಯಿ ಹೆರೆದವನಲ್ಲವೆಂದು ಕಾಣುತ್ತದೆ.

ಅವನಿಗೆ ವಂದನೆ ಹೇಳಿ, ಹಂಚಿನ ಕೆಲಸದಲ್ಲಿ ಪಳಗಿದ ಒಬ್ಬ ಮೇಸ್ತ್ರಿಯನ್ನು ಕರೆಸಿದೆವು. ಶಿಲ್ಪಿಯ ಸ್ಥಾನದಲ್ಲಿ ಗೃಹಿಣಿಯೂ ತಾಯಿಯವರೂ ಕುಳಿತರು. ನಮಗೆ ಖಜಾಂಚಿಯ ಪದವಿ. ಅಂಗಡಿಯವರ ಕಟ್ಟೆಯ ಎತ್ತರ 34 ಇಂಚು. ಗೃಹಿಣಿಯ ಮೊಣಕೈಯಿಂದ ನಾಲ್ಕು ಬೆರಳು ಕೆಳಗೆ ಅಳೆದಾಗ 32 ಬಂದಿತು, ಅದನ್ನೇ ನಿಶ್ಚಯಿಸಿದೆವು. ಅದರ ಪಕ್ಕದಲ್ಲಿ 16 ಇಂಚಿನ ಒಂದು ಗಿಡ್ಡ ಜಗಲಿ, ಹೆರೆಮಣೆಗೂ ಹೆರೆಯುವವರಿಗೂ. ಗೇಣಗಲದ ಗವಾಕ್ಷಿಯ ಸ್ಥಳದಲ್ಲಿ ನಾಲ್ಕಡಿಯ ಕಿಟಕಿ. ಅದರಾಚೆ ಬಾವಿಯೂ ಬಸಳೆಯ ಚಪ್ಪರವೂ ಕಾಣುತ್ತವೆ. ರುಬ್ಬುವ ಕಲ್ಲನ್ನು ಹೊರಗೆ ಎಸೆಯಬೇಕೆಂದು ಮಗನ ವಾದವಿತ್ತು. ಅದು ಬಹುಮತದಿಂದ ಬಿದ್ದುಹೋಯಿತು. ಕಪಾಟಿಗೆ ಹಳೆಯ ಹಲಸಿನ ಹಲಗೆಯೇ ಸಾಕೆಂದೆವು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರು ಮೀರಿ ಮಳೆ ಸುರಿಯುವ ಊರಿನಲ್ಲಿ ಅಂಟಿನ ಹಲಗೆಯು ಗೆದ್ದಲಿಗೂ ಬೂಸ್ಟಿಗೂ ಔತಣವಿಟ್ಟಂತೆ. ಎಲ್ಲ ಸೇರಿ ಎರಡು ಲಕ್ಷದ ಎಂಬತ್ತು ಸಾವಿರ ರೂಪಾಯಿ.

ಮಾಡಿನ ವಿಷಯದಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕು; ಅದು ನಮ್ಮ ಊರಿನ ಕೀರ್ತಿಯ ವಸ್ತು. ಬಾಸೆಲ್ ಮಿಷನಿನ ಜಾರ್ಜ್ ಪ್ಲೆಬ್ಸ್ಟ್ ಎಂಬವರು ನೇತ್ರಾವತಿಯ ಬಳಿಯ ಜೆಪ್ಪುವಿನಲ್ಲಿ 1865ರಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದರು. ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ'ವು 1843ರಲ್ಲಿ ಹೊರಟಿದ್ದೂ ಅದೇ ಮಿಷನಿನವರಿಂದ. ಹೀಗಾಗಿ ಪತ್ರಿಕೆಯವನಿಗೂ ಹಂಚಿಗೂ ಒಂದು ದೂರದ ನೆಂಟಸ್ತಿಕೆ ಇದೆಯೆನ್ನಬೇಕು. ಯಂತ್ರವು ಪರದೇಶದ್ದು, ಮಣ್ಣು ನಮ್ಮ ಹೊಳೆಯ ದಡದ್ದು, ಕೈಗಳು ನಮ್ಮವರವು. ಹೆಸರು ಮಾತ್ರ ಎಲ್ಲಿ ಹೋದರೂ ಮಂಗಳೂರು ಹಂಚು. ಅದರ ಗುಣವೇನೆಂದರೆ ಒಂದರ ಅಂಚಿನ ತೋಡು ಇನ್ನೊಂದರ ಏಣಿಗೆ ಕೂಡಿಕೊಂಡು ಕುಳಿತುಕೊಳ್ಳುತ್ತದೆ. ಗಾರೆ ಬೇಡ, ಮೊಳೆ ಬೇಡ. ಒಂದನ್ನು ತೆಗೆದು ಅದೇ ಆಕಾರದ ಗಾಜಿನ ಹಂಚನ್ನಿಟ್ಟರೆ ಸೂರ್ಯನು ಮನೆಯೊಳಗೆ ಇಳಿಯುತ್ತಾನೆ. ನಾವು ಒಲೆಯ ಮೇಲ್ಗಡೆ ಮೂರನ್ನು ಹಾಕಿಸಿದೆವು. ಮಸಿ ಹಿಡಿದಿದ್ದ ಪಕ್ಕಾಸುಗಳನ್ನು ಉಜ್ಜಿಸಿ, ಪುಡಿಯಾಗಿದ್ದ ರೀಪುಗಳನ್ನು ಬದಲಾಯಿಸಿದೆವು.

ಇಲ್ಲಿ ಒಂದು ಅವಾಂತರವಾಯಿತು. ಹಂಚಿನ ಕೆಲಸದವರೊಡನೆ ಬಂದಿದ್ದ ಒಬ್ಬ ಹುಡುಗನು ಭದ್ರವಾಗಲೆಂದು ಗಾಜಿನ ಹಂಚುಗಳ ತೋಡಿಗೆ ಸಿಮೆಂಟು ಮೆತ್ತಿಬಿಟ್ಟಿದ್ದನು. ನೀರು ಹರಿದು ಹೋಗಬೇಕಾದ ದಾರಿ ಅದೇ. ಜೂನ್ ತಿಂಗಳ ಮೊದಲ ದೊಡ್ಡ ಮಳೆಯಲ್ಲಿ ನೀರು ದಾರಿ ಕಾಣದೆ ಹಿಂದಕ್ಕೆ ಸರಿದು ನೇರವಾಗಿ ಸಾರಿನ ಪಾತ್ರೆಗೆ ಬಿತ್ತು. ಅಂದಿನ ಸಾರಿಗೆ ನೀರು ಹೆಚ್ಚಾದುದಕ್ಕೆ ನಾವು ಹೊಣೆಗಾರರಲ್ಲವೆಂದು ಇಲ್ಲಿ ದಾಖಲು ಮಾಡುತ್ತೇವೆ. ಸಿಮೆಂಟನ್ನು ಕೆರೆದು ತೆಗೆದ ಮೇಲೆ ಒಂದು ಹನಿಯೂ ಬಿದ್ದಿಲ್ಲ.

ಹಂಚಿನ ಮನೆಯಿದ್ದವರಿಗೆ ಇದೆಲ್ಲ ಸುಲಭ, ಬಹುಮಹಡಿಯ ಕಟ್ಟಡಗಳಲ್ಲಿರುವವರ ಗತಿಯೇನು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಮಂಗಳೂರಿನಲ್ಲಿ ಇಂದು ಅಂತಹ ಮನೆಗಳೇ ಹೆಚ್ಚುತ್ತಿವೆ. ರಾಷ್ಟ್ರೀಯ ಕಟ್ಟಡ ಸಂಹಿತೆಯು ಅಡಿಗೆಮನೆಗೆ ಕನಿಷ್ಠ 5 ಚದರ ಮೀಟರು ವಿಸ್ತೀರ್ಣವನ್ನೂ, 1.8 ಮೀಟರು ಅಗಲವನ್ನೂ, ಬಯಲಿಗೆ ತೆರೆಯುವ ಒಂದು ಚದರ ಮೀಟರಿನ ಕಿಟಕಿಯನ್ನೂ ವಿಧಿಸಿದೆ. ಮೇಲೆಯೂ ಸುತ್ತಲೂ ಮುಚ್ಚಿದ, ಮೂರಡಿಯ ಬಾವಿಯಂತಹ ಸಂದಿಗೆ ತೆರೆದ ಕಿಟಕಿಯನ್ನು ನಕ್ಷೆಯಲ್ಲಿ ಬಯಲೆಂದು ಬರೆದುಕೊಡುವವರಿದ್ದಾರೆ. ಅದನ್ನು ನಂಬಿ ಮೊಹರು ಒತ್ತುವ ಅಧಿಕಾರಿಗಳು ಒಮ್ಮೆ ಅಲ್ಲಿ ನಿಂತು ಒಗ್ಗರಣೆ ಹಾಕಿ ನೋಡಬೇಕೆಂದು ನಮ್ಮ ಸವಿನಯ ಪ್ರಾರ್ಥನೆ. ನಕ್ಷೆಯಲ್ಲಿ ವಾಹನ ನಿಲ್ಲಿಸುವ ಸ್ಥಳವನ್ನು ಅಡಿ ಅಡಿಯಾಗಿ ಅಳೆಯುವವರಿಗೆ ಇದು ಕಷ್ಟವಾಗಲಾರದು.

ಇನ್ನು ಸುಖದ ಮಾತು. ಭಾನುವಾರಗಳಲ್ಲಿ ಪತ್ರಿಕಾಲಯಕ್ಕೆ ಹೋಗುವ ಮೊದಲು ಬೆಳಗ್ಗಿನ ಅಡಿಗೆ ಈಗ ನಮ್ಮದು. ಇದರಲ್ಲಿ ತ್ಯಾಗವೇನೂ ಇಲ್ಲ; ಬೆಳಕಿರುವ ಕೋಣೆಯಲ್ಲಿ ನಿಲ್ಲುವುದೇ ಒಂದು ಸುಖ. ಮೊದಲು ಕಲಿತದ್ದು ನೀರುದೋಸೆ. ಅಕ್ಕಿಯನ್ನು ನೆನಸಿ, ನುಣ್ಣಗೆ ಅರೆದು, ಮಜ್ಜಿಗೆಯಷ್ಟು ತೆಳ್ಳಗೆ ಮಾಡಬೇಕು. ಕಾವಲಿ ಚೆನ್ನಾಗಿ ಕಾದಿರಬೇಕು. ಹಿಟ್ಟನ್ನು ಸೌಟಿನಿಂದ ಹರಡದೆ ಹೊಯ್ಯಬೇಕು. ಇಷ್ಟನ್ನು ಪಾಲಿಸಿಯೂ ಮೊದಲ ಭಾನುವಾರ ನಾಲ್ಕನೆಯ ದೋಸೆಯಿಂದ ಮುಂದೆ ಎಲ್ಲವೂ ಹರಿದವು. ಅಕ್ಕಿಯ ಹಿಟ್ಟು ತಳಕ್ಕೆ ಇಳಿಯುತ್ತದೆ, ಪ್ರತಿ ದೋಸೆಗೂ ಮೊದಲು ತಳದಿಂದ ಕದಡಬೇಕೆಂದು ತಾಯಿಯವರು ಜಗಲಿಯ ಮೇಲಿಂದ ಹೇಳಿದರು. ಶ್ರಾವಣದಲ್ಲಿ ಪತ್ರೊಡೆಗೂ ಕೈಹಾಕಿದೆವು. ಕೆಸುವಿನ ಎಲೆಯಲ್ಲಿ ಸೂಜಿಯಂತಹ ಸೂಕ್ಷ್ಮ ಹರಳುಗಳಿವೆ, ಗಂಟಲು ತುರಿಸುವುದು ಅವುಗಳಿಂದ. ಹುಳಿ ಧಾರಾಳವಾಗಿರಬೇಕೆಂಬುದು ಅದಕ್ಕಾಗಿಯೇ. ನಾವು ಹುಣಿಸೆಹುಳಿಯಲ್ಲಿ ಮಿತವ್ಯಯ ಮಾಡಿದೆವು. ಮನೆಮಂದಿಯೆಲ್ಲ ಮಾತಿಲ್ಲದೆ ಬೆಲ್ಲ ತಿಂದರು. ನೆರೆಯ ಕ್ರೈಸ್ತ ಗೃಹಿಣಿಯೊಬ್ಬರು ತಮ್ಮ ಮೀನಿನ ಸಾರಿಗೆ ಈಗಲೂ ಮಣ್ಣಿನ ಮಡಕೆಯೇ ಬೇಕೆನ್ನುತ್ತಾರೆ. ನಮ್ಮ ಮನೆಯಲ್ಲಿ ಮೀನಿಲ್ಲದಿದ್ದರೂ ಹುರುಳಿ ಸಾರಿನ ವಿಷಯದಲ್ಲಿ ಅವರ ಮಾತು ಸರಿಯೆಂದು ಒಪ್ಪಿದ್ದೇವೆ.

ತಾಯಿಯವರಿಗೆ ಹೆಚ್ಚು ಹೊತ್ತು ನಿಲ್ಲಲಾಗದು. ಬೆಳಗ್ಗೆ ಬಂದು ಗಿಡ್ಡ ಜಗಲಿಯ ಮೇಲೆ, ಗಾಜಿನ ಹಂಚಿನ ಬಿಸಿಲು ಬೀಳುವಲ್ಲಿ ಕುಳಿತುಕೊಳ್ಳುತ್ತಾರೆ. ಕೆಮ್ಮು ಹೋಗಿಲ್ಲ; ರಾತ್ರಿಯಲ್ಲಿ ಸ್ವಲ್ಪ ಕಡಿಮೆ. ಕಳೆದ ತಿಂಗಳು ಒಂದು ದಿನ ಮೊರದಲ್ಲಿ ಅಕ್ಕಿಯನ್ನು ಹರಡಿಕೊಂಡು ಕಲ್ಲು ಆರಿಸುತ್ತಿದ್ದವರು ಒಮ್ಮೆಗೇ ಕೈ ನಿಲ್ಲಿಸಿ ಮೇಲೆ ನೋಡಿದರು. ನಮ್ಮ ತೀರ್ಥರೂಪರು ಅನ್ನದಲ್ಲಿ ಕಲ್ಲು ಸಿಕ್ಕಿದರೆ ಎಲೆಯಿಂದ ಎದ್ದುಹೋಗುವ ಸ್ವಭಾವದವರಾಗಿದ್ದರು. ಅದು ನಮಗೂ ನೆನಪಿದೆ.

"ಇಷ್ಟು ಬೆಳಕು ಆಗ ಇದ್ದಿದ್ದರೆ ಕಲ್ಲು ಉಳಿಯುತ್ತಿತ್ತಾ ಮಗಾ? ಅವರು ಸುಮ್ಮನೆ ಬಯ್ಯುತ್ತಿದ್ದರು" ಎಂದರು.

ಮತ್ತೆ ಮೊರದ ಕಡೆಗೆ ಬಗ್ಗಿದರು. ಕಾವಲಿಯ ಮೇಲಿದ್ದ ದೋಸೆ ಅಷ್ಟರಲ್ಲಿ ಸೀದುಹೋಗಿತ್ತು.